ಎತ್ತಿ ಕೂರಿಸುವವರು

ಬೆಳಿಗ್ಗೆ ವಕೀಲರು ಕನ್ನಡಿಯ ಮುಂದೆ ನಿಂತು ಕೊರಳಿಗೆ ಬಿಳಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಕೇಳಿದರು, "ಇವತ್ತು ಯಾರನ್ನ ಅಳಿಸೋಕೆ ಹೊರಟ್ರಿ?" ಮದುವೆಯಾದಂದಿನಿಂದ ಕೇಳುತ್ತ ಬಂದ ಮಾತು. "ಫೀಸು ಕೊಟ್ಟವರನ್ನ" ಎಂಬುದು ವಕೀಲರ ಮಾಮೂಲಿ ಉತ್ತರ. ಇವತ್ತು ಅದು ಬಾಯಿಗೆ ಬರಲಿಲ್ಲ. ಪಟ್ಟಿ ಒಂದು ಕಡೆಗೆ ಜಾರಿತು, ಬಿಚ್ಚಿ ಕಟ್ಟಿದರೆ ಇನ್ನೊಂದು ಕಡೆಗೆ ಜಾರಿತು. ಕನ್ನಡಿಯೊಳಗಿನ ಮುಖ, ಓದದೆ ಪರೀಕ್ಷೆಗೆ ಹೊರಟವನ ಮುಖದ ಹಾಗಿತ್ತು. ಈ ವಯಸ್ಸಿಗೆ ಇದೊಂದು ಬೇಕಿತ್ತು ಎಂದುಕೊಂಡರು. ಇವತ್ತು ಶಿಕ್ಷೆಯ ವಾದ. ತಪ್ಪು ಮಾಡಿದ್ದಾನೋ ಇಲ್ಲವೋ ಎಂಬ ಮಾತು ಕಳೆದ ವಾರವೇ ಮುಗಿದಿತ್ತು. ಅವರ ಕಕ್ಷಿದಾರ ಇನ್ನಿಬ್ಬರನ್ನು ಕಟ್ಟಿಕೊಂಡು ಹೋಗಿ, ಗ್ಯಾಸ್ ಏಜೆನ್ಸಿಯ ವಸೂಲಿಗಾರನನ್ನು ರೈಲ್ವೆ ಸೇತುವೆಯ ಕೆಳಗೆ ಅಡ್ಡಗಟ್ಟಿ, ಕಬ್ಬಿಣದ ರಾಡಿನಿಂದ ಸೊಂಟಕ್ಕೆ ಹೊಡೆದು ಚೀಲ ಕಿತ್ತುಕೊಂಡಿದ್ದ. ಇಬ್ಬರು ಓಡಿಹೋದರು, ಸಿಕ್ಕಿಬಿದ್ದವನು ಇವನು. ರಾಡು ಹಿಡಿದಿದ್ದವನೂ ಇವನೇ. ಹತ್ತು ವರ್ಷದವರೆಗೆ ಹಾಕಬಹುದು. ಎಷ್ಟು ಇಳಿಸಬಹುದು ಎಂಬುದಷ್ಟೇ ಉಳಿದ ಪ್ರಶ್ನೆ, ಮತ್ತು ಆ ಕೆಲಸದಲ್ಲಿ ಈ ಕೋರ್ಟಿನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ವಕೀಲರ ಕೋಣೆಯಲ್ಲಿ ಬೆನ್ನ ಹಿಂದೆ 'ಕಣ್ಣೀರು ವಕೀಲರು' ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ಅವರಿಗೆ ಬೇಜಾರಿರಲಿಲ್ಲ.

ಬೇಜಾರು ಬೇರೆ. ಪೀಠದ ಮೇಲೆ ಕೂರುವಾಕೆ ಒಂದು ಕಾಲಕ್ಕೆ ಅವರ ಕಚೇರಿಯಲ್ಲಿ ಕೆಲಸ ಕಲಿತವಳು. ಫೈಲು ಹೊತ್ತುಕೊಂಡು ಹಿಂದೆ ಹಿಂದೆ ಬರುತ್ತಿದ್ದ, ಚಪ್ಪಲಿ ಸವೆದ, ಮಾತು ಕಡಿಮೆಯ ಹುಡುಗಿ. "ಏನಮ್ಮಾ, ನಿದ್ದೆ ಮಾಡ್ತಿದೀಯಾ?" ಎಂದು ಎಲ್ಲರೆದುರು ರೇಗಿದ್ದು ಅವರಿಗೆ ನೆನಪಿದೆ, ಅವಳಿಗೂ ಇರಬೇಕು. ಈ ಕೋರ್ಟಿಗೆ ನ್ಯಾಯಾಧೀಶೆಯಾಗಿ ಬಂದ ಮೇಲೆ ಮನಸ್ಸಿನಲ್ಲಿ ಅವಳು ಇನ್ನೂ 'ಅವಳು', ಬಾಯಲ್ಲಿ 'ಮೇಡಂ'. ವಿಚಾರಣೆ ನಡೆಯುವಷ್ಟು ದಿನ ಕಷ್ಟವಾಗಲಿಲ್ಲ. ಸಾಕ್ಷಿ, ಪಾಟೀಸವಾಲು ಯಾರ ಮುಂದಾದರೂ ಒಂದೇ. ಆದರೆ ಇವತ್ತಿನ ಸರಕು ಬೇರೆ. ಆ ಸರಕು ತಯಾರಾಗುವ ಕೋಣೆಯನ್ನು ಅವಳು ಒಳಗಿನಿಂದ ನೋಡಿದ್ದಾಳೆ. ಶಿಕ್ಷೆಯ ದಿನ ಕಕ್ಷಿದಾರನ ಮನೆಯವರು ಮುಂದಿನ ಬೆಂಚಿನಲ್ಲಿ ಕೂರಬೇಕು, ತಲೆಗೆ ಎಣ್ಣೆ ಬೇಡ, ಬಳೆ ಬೇಡ, ಹಳೇ ಬಟ್ಟೆ. ಮುದುಕರಿದ್ದರೆ ಗೋಡೆ ಬದಿಗಲ್ಲ, ನಡುದಾರಿಯ ಬದಿಗೆ, ಎದ್ದು ನಿಲ್ಲುವ ಕಷ್ಟ ಪೀಠಕ್ಕೆ ಕಾಣುವಂತೆ. ಹಾಗೆ ಜೋಡಿಸಿ ಕೂರಿಸುವ ಕೆಲಸ ಆಗ ಅವಳದೇ ಆಗಿತ್ತು. ಒಳ್ಳೆಯ ಕೈ. ಒಂದು ಸಲ ಅವಳು ಒಬ್ಬ ಹೆಂಗಸನ್ನು ಕೂರಿಸಿ, ಹೇಳಿಕೊಟ್ಟದ್ದನ್ನು ಹೇಳಿಸಿ, ಅದು ಫಲಿಸದೆ, ಸಂಜೆ ಫೈಲುಗಳನ್ನು ಮೇಜಿನ ಮೇಲಿಟ್ಟು ಹೇಳಿದ್ದಳು: "ಸಾರ್, ಆಕೆಗೆ ನಿಜವಾಗ್ಲೂ ಕಷ್ಟ ಇತ್ತು. ನಾವು ಹೇಳಿಕೊಟ್ಟಿದ್ದರ ಕೆಳಗೆ ಅದು ಮುಚ್ಚಿಹೋಯ್ತು." ಮರುವಾರದಿಂದ ಬರಲಿಲ್ಲ. ಬೇರೆ ಕಚೇರಿ ಸೇರಿದಳು ಎಂದು ಗೊತ್ತಾದಾಗ, ಹೋದರೆ ಹೋಗಲಿ ಬಿಡು ಎಂದು ಅವರು ಮಾರನೇ ದಿನವೇ ಇನ್ನೊಬ್ಬನನ್ನು ಇಟ್ಟುಕೊಂಡಿದ್ದರು.

ಕೋರ್ಟಿನ ಮೆಟ್ಟಿಲ ಬಳಿ ಕಕ್ಷಿದಾರನ ಅಕ್ಕ ಕಾಯುತ್ತಿದ್ದಳು. ಬೀದಿ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು, ತಮ್ಮನನ್ನು ಸಾಕಿದವಳು. ದೂರದಿಂದ ನೋಡಿದಾಗಲೇ ವಕೀಲರು ಹಣೆ ಚಚ್ಚಿಕೊಂಡರು. ಸೀರೆ ಎಂದರೆ ಸೀರೆ! ಗಂಜಿ ಹಾಕಿ, ನೆರಿಗೆ ಚೂರಿಯ ಅಲಗಿನ ಹಾಗೆ, ಸೆರಗು ಭುಜದ ಮೇಲೆ ಹಲಗೆ ಇಟ್ಟ ಹಾಗೆ. ಮದುವೆಗೆ ಬಂದ ಗಂಡಿನ ಕಡೆಯವಳೇ ಸರಿ.

"ಏನಮ್ಮಾ ಇದು? ಹಳೇ ಸೀರೆ ಉಟ್ಕೊಂಡು ಬಾ ಅಂತ ಹೇಳಿರ್ಲಿಲ್ವಾ?"

"ಹಳೇದೇ ಸಾರ್. ಅಮ್ಮ ಉಟ್ಟು ಬಿಟ್ಟಿದ್ದು. ನೋಡಿ, ಇಲ್ಲಿ ತೇಪೆ ಹಾಕಿದೀನಿ." ಅವಳು ಸೆರಗಿನ ತುದಿ ತೋರಿಸಿದಳು. ತೇಪೆಯನ್ನೂ ಎಷ್ಟು ಚೆನ್ನಾಗಿ ಒತ್ತಿದ್ದಳೆಂದರೆ ಅದು ಬಾರ್ಡರಿನ ಹಾಗೇ ಕಾಣುತ್ತಿತ್ತು. "ಇಸ್ತ್ರಿ ಹಾಕಿದೀನಿ, ಅಷ್ಟೇ."

"ಯಾಕೆ ಹಾಕ್ದೆ?"

ಇದೆಂಥ ಪ್ರಶ್ನೆ ಎನ್ನುವಂತೆ ಅವಳು ನೋಡಿದಳು. "ಕೋರ್ಟಿಗೆ ಬರೋದಲ್ವಾ ಸಾರ್."

ವಕೀಲರು ಆಚೀಚೆ ನೋಡಿ ದನಿ ತಗ್ಗಿಸಿದರು. ಸೆರಗನ್ನು ಸ್ವಲ್ಪ ಮುಷ್ಟಿಯಲ್ಲಿ ಹಿಡಿದು ಮುದುರು, ನೆರಿಗೆ ಮೇಲೆ ಒಂದೆರಡು ಸಲ ಕೂತು ಏಳು ಎಂದರು. ಹೇಳುವಾಗಲೇ ತಮ್ಮ ಮಾತು ತಮ್ಮ ಕಿವಿಗೆ ಹೊಲಸಾಗಿ ಕೇಳಿಸಿತು. ಆದರೂ ಕೈ ಮುಂದೆ ಹೋಗಿ, ಹೀಗೆ ಎಂದು ಗಾಳಿಯಲ್ಲಿ ಮುದುರಿ ತೋರಿಸಿಯೂಬಿಟ್ಟಿತು. ಅವಳಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಸಾರ್, ಅಲ್ಲಿ ಬಾಗಿಲಲ್ಲಿ ನಿಂತಿರೋ ಪೊಲೀಸಪ್ಪನ ಬಟ್ಟೆ ನನ್ನ ಹತ್ರಾನೇ ಬರೋದು. ಆ ಗುಮಾಸ್ತರದ್ದೂ ಬರತ್ತೆ. ಮುದುರಿದ ಸೀರೇಲಿ ನನ್ನ ನೋಡಿದ್ರೆ ನಾಳೆಯಿಂದ ಯಾರು ಬಟ್ಟೆ ಕೊಡ್ತಾರೆ? ನನ್ನ ತಮ್ಮ ಒಳಗಿದಾನೆ, ನಿಜ. ನನ್ನ ಅಂಗಡಿ ಹೊರಗಿದೆ ಅಲ್ವಾ." ಸರಿ, ಕೇಳಿದರೆ ತಮ್ಮನೇ ಮನೆಗೆ ಏಕೈಕ ಆಧಾರ ಎಂದು ಹೇಳು, ಮರೀಬೇಡ ಎಂದಷ್ಟೇ ಹೇಳಿ ವಕೀಲರು ಒಳಗೆ ನಡೆದರು. ಹಿಂದೆ ಗಂಜಿ ಸೀರೆ ಹೊಸ ನೋಟಿನ ಹಾಗೆ ಸದ್ದು ಮಾಡುತ್ತ ಬಂತು.

ಒಳಗೆ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಎಲ್ಲಿಗೂ ತಲುಪುತ್ತಿರಲಿಲ್ಲ. ಕಕ್ಷಿದಾರನನ್ನು ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಅಕ್ಕ ಜೈಲಿಗೆ ಕಳಿಸಿದ ಅಂಗಿ ಅವನ ಮೈಮೇಲೆ ಬ್ಯಾಂಕಿನ ಮ್ಯಾನೇಜರನ ಅಂಗಿಯ ಹಾಗೆ ಮಿಂಚುತ್ತಿತ್ತು. ಈ ಅಕ್ಕ ತಮ್ಮಂದಿರ ಬಡತನವನ್ನು ಯಾರಿಗೆ ತೋರಿಸಲಿ! ಎದುರಿಗಿದ್ದ ಸರ್ಕಾರಿ ವಕೀಲರು ಅದನ್ನು ನೋಡಿ ತುಟಿಯಂಚಿನಲ್ಲಿ ನಕ್ಕರು. ಆಗ ಗಾಲಿ ಕುರ್ಚಿಯ ಸದ್ದಾಯಿತು. ವಸೂಲಿಗಾರನನ್ನು ಅವನ ಹೆಂಡತಿ ತಳ್ಳಿಕೊಂಡು ಬಂದಳು. ಗಂಡ ದಪ್ಪ ಆಳು. ಅವಳು ಕಡ್ಡಿ, ಗಾಳಿ ಬಂದರೆ ಹಾರುವಂಥವಳು. ಕುರ್ಚಿ ಹೊಸ್ತಿಲಿಗೆ ತಾಗಿ ನಿಂತಿತು. ಪೊಲೀಸಪ್ಪ ಕೈ ಹಾಕುವ ಮೊದಲೇ ಅವಳು ಹಿಂದಿನಿಂದ ಕಾಲೊತ್ತಿ ಮುಂದಿನ ಗಾಲಿ ಎಬ್ಬಿಸಿ, ಗಂಡನ ಸಮೇತ ಕುರ್ಚಿಯನ್ನು ಒಳಗಿಳಿಸಿ, ಉಸಿರು ಕೂಡ ಏರದೆ ಮೂಲೆಯಲ್ಲಿ ನಿಲ್ಲಿಸಿದಳು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕ ತಮ್ಮನನ್ನು ನೋಡುವುದು ಬಿಟ್ಟು ಆ ಹೆಂಗಸಿನ ಕೈಗಳನ್ನೇ ನೋಡುತ್ತಿದ್ದುದನ್ನು ವಕೀಲರು ಗಮನಿಸಿದರು. ಯಾಕೆಂದು ಆಗ ಹೊಳೆಯಲಿಲ್ಲ.

ನ್ಯಾಯಾಧೀಶೆ ಬಂದರು, ಎಲ್ಲರೂ ಎದ್ದರು, ಕೂತರು. ವಕೀಲರು ಎದ್ದು ನಿಂತೇ ಇದ್ದರು. "ಮೇಡಂ, ನನ್ನ ಕಕ್ಷಿದಾರ ತನ್ನ ಸಂಸಾರದ ಏಕೈಕ ಆಧಾರ" ಎಂದು ಶುರು ಮಾಡಿದರು. ಎಷ್ಟೋ ವರ್ಷಗಳಿಂದ ಹೇಳಿದ ಮಾತು, ತಾನಾಗಿ ಬರುವ ಮಾತು. ವೃದ್ಧ ತಾಯಿ, ಅವಿವಾಹಿತ ಅಕ್ಕ, ಬಾಲ್ಯದಲ್ಲೇ ತಂದೆಯ ಸಾವು, ಹಸಿವು, ಕೆಟ್ಟ ಸಹವಾಸ, ಒಂದು ಕ್ಷಣದ ದುರ್ಬಲತೆ. ಪೀಠದ ಮೇಲೆ ಅವಳು ಕೇಳುತ್ತಿದ್ದಳು. ತಲೆ ತಗ್ಗಿಸಿರಲಿಲ್ಲ, ಬೇಸರಿಸಿರಲಿಲ್ಲ, ಅಡ್ಡ ಬಾಯಿ ಹಾಕಿರಲಿಲ್ಲ. ಮರ್ಯಾದೆಯಿಂದಲೇ ಕೇಳುತ್ತಿದ್ದಳು, ಅದೇ ತಡೆಯಲಾಗುತ್ತಿರಲಿಲ್ಲ. ಮುಂದಿನ ಮಾತು ಯಾವುದೆಂದು ಅವಳಿಗೆ ಗೊತ್ತು. ಆ ಮಾತಿಗೆ ಮೊದಲು ವಕೀಲರು ಕನ್ನಡಕ ತೆಗೆದು ಒರೆಸುತ್ತಾರೆ ಎಂದೂ ಗೊತ್ತು. ಕನ್ನಡಕಕ್ಕೆ ಹೋದ ಕೈಯನ್ನು ಅರ್ಧದಲ್ಲೇ ತಡೆದು ಕಿವಿ ತುರಿಸಿಕೊಂಡರು. ಮಾತು ತಪ್ಪಿತು. ಅವಳು ಕಾದಳು. ಹಿಂದೆ ಯಾರೋ ಕೆಮ್ಮಿದರು. ಸರ್ಕಾರಿ ವಕೀಲರು ಎದ್ದು, ಇಸ್ತ್ರಿ ಅಂಗಡಿಯ ಸಂಪಾದನೆಯಲ್ಲಿ ಮನೆ ನಡೆಯುತ್ತಿದೆ, ಆಧಾರ ಯಾರು ಯಾರಿಗೆ ಎಂಬುದೇ ಅನುಮಾನ ಎಂದು ಚುಚ್ಚಿ ಕೂತರು. ಯಾರೋ ಕಿಸಕ್ಕೆಂದರು.

"ಅಕ್ಕ ಬಂದಿದ್ದಾರಾ?" ಎಂದು ನ್ಯಾಯಾಧೀಶೆ ಕೇಳಿದರು. "ಬನ್ನಿ ಅಮ್ಮ, ಮುಂದೆ ಬನ್ನಿ. ಹೆದರಬೇಡಿ."

ಅವಳು ಸೀರೆ ಸದ್ದು ಮಾಡಿಕೊಂಡು ಬಂದು ನಿಂತಳು.

"ನಿಮ್ಮ ಮನೇಲಿ ಬೆಳಿಗ್ಗೆ ಎದ್ದ ತಕ್ಷಣ ಮೊದಲ ಕೆಲಸ ಏನು?"

ವಕೀಲರಿಗೆ ಗಾಬರಿಯಾಯಿತು. ಇಂಥ ಪ್ರಶ್ನೆಗೆ ಅವರು ಏನನ್ನೂ ಹೇಳಿಕೊಟ್ಟಿರಲಿಲ್ಲ.

"ಅಮ್ಮನ್ನ ಎಬ್ಬಿಸೋದು ಮೇಡಂ. ಅಂದ್ರೆ, ಅವಳು ಏಳಲ್ಲ. ಲಕ್ವ ಹೊಡೆದಿದೆ. ಎತ್ತಿ ಕೂರಿಸ್ಬೇಕು, ಬಚ್ಚಲಿಗೆ ಒಯ್ಯಬೇಕು."

"ಯಾರು ಎತ್ತುತಿದ್ದರು?"

"ಇವನೇ." ಅವಳು ಕಟಕಟೆಯ ಕಡೆ ನೋಡಲಿಲ್ಲ. "ದುಡ್ಡು ಕಾಸಿಗೆ ಇವನನ್ನ ನೆಚ್ಚಿಕೊಂಡಿಲ್ಲ. ಸುಳ್ಳು ಯಾಕೆ ಹೇಳ್ಲಿ? ಇವನ ಸಿಗರೇಟಿಗೂ ನಾನೇ ಕೊಡ್ತಿದ್ದೆ. ಆದ್ರೆ ಅಮ್ಮನ್ನ ಎತ್ತೋ ವಿಷಯದಲ್ಲಿ ಒಂದು ದಿನ ತಪ್ಪಿಸಿಲ್ಲ. ಎಲ್ಲಿ ಹಾಳಾಗಿ ಹೋಗಿದ್ರೂ ಬೆಳಗಾಗೋದ್ರಲ್ಲಿ ಬಂದಿರ್ತಿದ್ದ. ಅಮ್ಮ ದಪ್ಪ. ನಂಗಾಗಲ್ಲ. ಇವನು ಒಳಗೆ ಹೋದ ಮೇಲೆ ಹಾಸಿಗೇಲೇ ಎಲ್ಲ. ಬೆನ್ನು ಹುಣ್ಣಾಗಿದೆ."

ಬೆನ್ನು ಹುಣ್ಣಾಗಿದೆ. ವಕೀಲರು ತಮ್ಮ ಕೈಯಲ್ಲಿದ್ದ ಹಾಳೆ ನೋಡಿಕೊಂಡರು. ಅದರಲ್ಲಿ 'ವೃದ್ಧ ತಾಯಿ' ಎಂದಿತ್ತು. ಎಷ್ಟು ಸಲ ಆ ಅಂಗಡಿಗೆ ಹೋಗಿ ಕೂತಿದ್ದರು, ಎಷ್ಟು ಲೋಟ ಚಹಾ ಕುಡಿದಿದ್ದರು. ಪರದೆಯ ಆಚೆ ಒಂದು ನರಳಿಕೆ ಕೇಳಿದ ನೆನಪೂ ಇದೆ. ಮುದುಕಿಯರು ನರಳುತ್ತಾರೆ ಎಂದುಕೊಂಡಿದ್ದರು. ಅವರ ತಾಯಿಯೂ ಕೊನೆಗೆ ನರಳುತ್ತಿದ್ದರು, ಹೆಂಡತಿ ನೋಡಿಕೊಳ್ಳುತ್ತಿದ್ದರು. ಹೇಗೆ ನೋಡಿಕೊಳ್ಳುತ್ತಿದ್ದರು? ಯಾರು ಎತ್ತುತ್ತಿದ್ದರು? ಆಗ ತಾವು ಪಕ್ಕದ ಕೋಣೆಯಲ್ಲಿ ಬೇರೆ ಯಾರದೋ ವೃದ್ಧ ತಾಯಿಯ ಬಗ್ಗೆ ಬರೆಸುತ್ತಿದ್ದಿರಬೇಕು.

"ಕೋರ್ಟಿಗೆ ಏನಾದರೂ ಕೇಳಿಕೊಳ್ಳೋದಿದೆಯಾ?"

ಇದು ಅಳಬೇಕಾದ ಜಾಗ. ಅವಳು ಅಳಲಿಲ್ಲ. ಮೂಲೆಯ ಗಾಲಿ ಕುರ್ಚಿಯ ಕಡೆ ತಿರುಗಿದಳು. "ಆ ಅಣ್ಣನ್ನ ಯಾರು ಎತ್ತುತಾರೆ ಅಂತ ಕೇಳಿ ಮೇಡಂ, ಮೊದ್ಲು."

ವಕೀಲರು ಕಣ್ಣು ಮುಚ್ಚಿದರು. ಮುಗಿಯಿತು. ಕಟ್ಟಿದ್ದೆಲ್ಲ ಒಂದೇ ಮಾತಿಗೆ ನೆಲಕ್ಕೆ ಬಂತು; ಎದುರು ಪಕ್ಷದ ವಾದವನ್ನು ಇವಳೇ ಮಾಡಿಕೊಟ್ಟಳು. ಹಾಗಂದುಕೊಂಡರೂ ಒಳಗೆಲ್ಲೋ ಸಿಟ್ಟಿನ ಬದಲು ಬೇರೆ ಏನೋ ಎದ್ದಿತು. ಇಷ್ಟು ವರ್ಷಗಳಲ್ಲಿ ಈ ಜಾಗದಲ್ಲಿ ನಿಂತು ತನ್ನ ಕಡೆಯವನಿಗಾಗಿ ಬೇಡಬೇಕಾದವರು ಎದುರಿನವನ ಬಗ್ಗೆ ಕೇಳಿದ್ದನ್ನು ಅವರು ಕಂಡಿರಲಿಲ್ಲ. ಅದೂ ಭಂಗಿಯಲ್ಲ, ತ್ಯಾಗ ಅಂತಲೂ ಅಲ್ಲ. ಎತ್ತುವ ಕೆಲಸ ಏನೆಂದು ಗೊತ್ತಿದ್ದವಳು, ಅದೇ ಕೆಲಸ ಮಾಡುವ ಇನ್ನೊಬ್ಬಳನ್ನು ನೋಡಿ ಕೇಳಿದ ಪ್ರಶ್ನೆ. ನ್ಯಾಯಾಧೀಶೆ ಅದನ್ನು ಹಾಗೆಯೇ ತೆಗೆದುಕೊಂಡರು. ಗಾಲಿ ಕುರ್ಚಿಯ ಹಿಂದಿದ್ದ ಹೆಂಗಸನ್ನು ಕೇಳಿದರು. "ನಾನೇ ಎತ್ತೋದು, ಇನ್ಯಾರು?" ಎಂದಳು ಅವಳು ಒರಟಾಗಿ. "ಬೆಳಿಗ್ಗೆ, ಮಧ್ಯಾಹ್ನ ಕೆಲಸದ ಮನೆಯಿಂದ ಓಡಿ ಬಂದು ಒಂದು ಸಲ, ರಾತ್ರಿ. ಇವಳ ತಮ್ಮ ಬಂದು ಎತ್ತುತಾನಾ?" ನ್ಯಾಯಾಧೀಶೆ ಅದನ್ನೂ ಬರೆದುಕೊಂಡರು. ಎರಡನ್ನೂ ಒಂದೇ ಕೈಬರಹದಲ್ಲಿ, ಅಷ್ಟೇ ನಿಧಾನವಾಗಿ. ಊಟದ ನಂತರ ಆದೇಶ ಎಂದು ಎದ್ದರು.

ಕ್ಯಾಂಟೀನಿನಲ್ಲಿ ಚಹಾ ಆರಿ ಕೆನೆಗಟ್ಟಿತು. ಪೀಠದಲ್ಲಿ ಕೂತ ಅವಳು ಏನು ಮಾಡಬಹುದು? ವಕೀಲರು ಪೀಠದಲ್ಲಿ ತಮ್ಮನ್ನೇ ಕೂರಿಸಿ ನೋಡಿದರು. ಮುದುಕಿಯ ಹುಣ್ಣು ನಿಜ. ಅದಕ್ಕೆ ಇಳಿಸಿದರೆ ನಾಳೆ ಅಮ್ಮ ಮಲಗಿರುವ ಪ್ರತಿಯೊಬ್ಬನ ಕೈಗೂ ರಾಡು ಕೊಟ್ಟ ಹಾಗೆ. ಇಳಿಸದಿದ್ದರೆ ರಾಡು ಮುಟ್ಟದ ಮುದುಕಿಗೆ ಶಿಕ್ಷೆ. ಎಷ್ಟು ಸಲ ಇಳಿಸಿ ಇಳಿಸಿ ಎಂದು ಬೇಡಿದ್ದೇನೆ, ಇಳಿಸುವವರ ಕುರ್ಚಿಯಲ್ಲಿ ಒಂದು ಸಲವೂ ಕೂತು ನೋಡಲಿಲ್ಲವಲ್ಲ ಎಂದುಕೊಂಡರು. ಪಕ್ಕದ ಮೇಜಿನ ಗೆಳೆಯ, "ಏನ್ ಸ್ವಾಮಿ, ನಿಮ್ಮ ಸಾಕ್ಷಿ ಸರ್ಕಾರಿ ಕಡೆಗೆ ಹಾರ್ತಂತೆ!" ಎಂದು ಕಾಲೆಳೆದ. ಬೇರೆ ದಿನವಾದರೆ ಎರಡರಷ್ಟು ತಿರುಗಿಸಿ ಕೊಡುತ್ತಿದ್ದರು. ಇವತ್ತು, "ಹಾರ್ಲಿಲ್ಲಪ್ಪ. ಅವಳು ನಿಂತ ಕಡೆಗೆ ನಾವೇ ಹೋಗ್ಬೇಕು" ಅಂದರು. ಗೆಳೆಯ ಮೇಲಿಂದ ಕೆಳಗೆ ನೋಡಿದ, ಜ್ವರವೇನೋ ಎಂಬಂತೆ.

ಆದೇಶ ಉದ್ದವಿರಲಿಲ್ಲ. ನ್ಯಾಯಾಧೀಶೆ ಕಾಗದ ನೋಡಿ ಓದಿ, ಆಮೇಲೆ ಕಾಗದ ಕೆಳಗಿಟ್ಟು ಕಟಕಟೆಯಲ್ಲಿದ್ದವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು. "ಬಡತನದ ಬಗ್ಗೆ ನಿನ್ನ ವಕೀಲರು ಹೇಳಿದ್ದನ್ನು ಕೇಳಿದೆ. ನೀನು ಹೊಡೆದವರ ಮನೇಲೂ ಬಡತನವೇ ಇತ್ತು. ಅವರು ರಾಡು ಹಿಡಿಯಲಿಲ್ಲ, ಚೀಲ ಹಿಡಿದು ಕೆಲಸಕ್ಕೆ ಹೊರಟಿದ್ದರು. ಆ ಬೆಳಿಗ್ಗೆ ನಿನ್ನ ತಾಯಿಯನ್ನ ನೀನೇ ಎತ್ತಿ ಕೂರಿಸಿ ಬಂದಿದ್ದೆ. ನೀನು ಸಿಕ್ಕಿಬಿದ್ದರೆ ಯಾರು ಎತ್ತುತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದೂ ಹೊಡೆದೆ. ಹಾಗಾಗಿ ಆ ಕಷ್ಟ ನಿನ್ನ ತಪ್ಪನ್ನ ಚಿಕ್ಕದು ಮಾಡಲ್ಲ." ಅವನು ಮೊದಲ ಬಾರಿಗೆ ತಲೆ ತಗ್ಗಿಸಿದ. "ಎಂಟು ವರ್ಷ ಅಂತ ತೀರ್ಮಾನ ಮಾಡಿದ್ದೆ. ಏಳು ಕೊಡ್ತಿದೀನಿ. ಆ ಒಂದು ವರ್ಷ ನಿನಗಲ್ಲ. ಯಾರನ್ನೂ ಹೊಡೆಯದ ನಿನ್ನ ತಾಯಿಗೆ. ಅದಕ್ಕಿಂತ ಹೆಚ್ಚು ಇಳಿಸಿದರೆ ಅದನ್ನ ಈ ಗಾಲಿ ಕುರ್ಚಿಯಿಂದ ಕಿತ್ತುಕೊಂಡ ಹಾಗಾಗತ್ತೆ." ಆಮೇಲೆ ಗುಮಾಸ್ತರ ಕಡೆ ತಿರುಗಿ, ಇಬ್ಬರ ಮನೆಗೂ ಆಸ್ಪತ್ರೆಯಿಂದ ದಾದಿಯನ್ನು ಕಳಿಸಲು ಬರೆಯಿರಿ, ಇವತ್ತೇ ಹೋಗಬೇಕು ಎಂದರು.

ಏಳು. ವಕೀಲರು ನಾಲ್ಕು ಎಂದು ಆಸೆಯಿಟ್ಟು ಬಂದಿದ್ದರು. ಸೋತರು. ಆದರೆ ಸೋತ ದಿನ ಬರುವ ಕಹಿ ಬಾಯಿಗೆ ಬರಲಿಲ್ಲ. ತಾವು ಇಡೀ ಜನ್ಮ ಒಂದೇ ಮುದ್ದೆ ಮಾಡಿ ಪೀಠದ ಮುಂದೆ ಎಸೆಯುತ್ತಿದ್ದುದನ್ನು ಆಕೆ ಬಿಡಿಸಿ, ಇದು ಅವನದು, ಇದು ಅವನದಲ್ಲ ಎಂದು ಬೇರೆ ಬೇರೆ ಇಟ್ಟಿದ್ದರು. ಕೈ ಕಟ್ಟಿ ಬಗ್ಗಿದರು. ಕೋರ್ಟಿನ ಪದ್ಧತಿ ಅದು, ಎಲ್ಲರೂ ಬಗ್ಗುತ್ತಾರೆ. ಇವತ್ತು ಸ್ವಲ್ಪ ಹೆಚ್ಚೇ ಬಗ್ಗಿದರು, ಸೊಂಟ ಹಿಡಿಯುವಷ್ಟು. ಮೇಲೆದ್ದಾಗ ನ್ಯಾಯಾಧೀಶೆ ಹೊರಟುಹೋಗಿದ್ದರು. ಇಡೀ ದಿನದಲ್ಲಿ ಒಂದು ಸಲವೂ, ನಿಮ್ಮ ಆಟ ನನಗೆ ಗೊತ್ತು ಎಂಬಂತೆ ನೋಡಿರಲಿಲ್ಲ. 'ಅವಳು' ಎನ್ನುವುದು ಮನಸ್ಸಿನಿಂದ ಯಾವಾಗ ಜಾರಿತೆಂದು ವಕೀಲರಿಗೇ ತಿಳಿಯಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಅಕ್ಕ, ತಮ್ಮನನ್ನು ಒಯ್ದ ಪೊಲೀಸ್ ವ್ಯಾನು ಹೋಗುವವರೆಗೂ ನಿಂತಿದ್ದಳು. ಬೈಗುಳ ಕೇಳಲು ಸಿದ್ಧರಾಗಿ ವಕೀಲರು ಹತ್ತಿರ ಹೋದರು. ಶಿಕ್ಷೆಯ ದಿನ ಮನೆಯವರು ಬೈಯುವುದು ಮಾಮೂಲು. "ಏಳು ವರ್ಷ ಅಂದ್ರೆ ಏಳು ವರ್ಷ ಪೂರ್ತಿ ಸಾರ್?" ಎಂದು ಕೇಳಿದಳು. ಈಗಾಗಲೇ ಒಳಗಿದ್ದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ, ನಡತೆ ಚೆನ್ನಾಗಿದ್ದರೆ ಇನ್ನಷ್ಟು ಕಳೆಯಬಹುದು, ಮೇಲಿನ ಕೋರ್ಟಿಗೆ ಹೋಗಬಹುದು ಎಂದು ಅವರು ವಿವರಿಸಿದರು. ಅವಳು ಅರ್ಧ ಕೇಳಿದಳು. "ಆ ದಾದಿ ಬರೋತನಕ ಅಮ್ಮನ್ನ ಏನ್ ಮಾಡ್ಲಿ?" ಎಂದಳು.

ಬೆಂಚಿನ ಆಚೆ ತುದಿಯಲ್ಲಿ ಗಾಲಿ ಕುರ್ಚಿ ಆಟೋಗೆ ಕಾಯುತ್ತಿತ್ತು. ಕಡ್ಡಿ ಹೆಂಗಸು ಈ ಕಡೆ ತಿರುಗಿಯೂ ನೋಡದೆ, "ಹೆಂಗೆ ಎತ್ತುತೀಯ ನೀನು?" ಎಂದಳು.

"ಕಂಕುಳಿಗೆ ಕೈ ಹಾಕಿ ಎಳೀತೀನಿ."

"ಥೂ! ಭುಜ ಕಳಚಿ ಹೋಗತ್ತೆ ಮುದುಕೀದು. ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳ್ಲಿಲ್ಲ."

"ನೋಡು, ನಂಗೆ ಏಳು ವರ್ಷ ಸಾಲ್ದು. ಹತ್ತೂ ಸಾಲ್ತಿರ್ಲಿಲ್ಲ. ನಿನ್ನ ತಮ್ಮನ ಮುಖ ನೋಡಿದ್ರೆ ಈಗ್ಲೂ ಮೈ ಉರಿಯತ್ತೆ. ಅದು ಬೇರೆ." ಅವಳು ಸುತ್ತ ನೋಡಿದಳು. ಗಂಡನನ್ನು ನೋಡಿದಳು, ಅವನು ಬೇಡ ಎಂಬಂತೆ ತಲೆಯಾಡಿಸಿದ. ಆಮೇಲೆ ಅವಳ ಕಣ್ಣು ವಕೀಲರ ಮೇಲೆ ಬಿತ್ತು, ಅವರ ಹೊಟ್ಟೆಯ ಮೇಲೆ. "ನಿಮ್ಮಮ್ಮ ಈ ಸಾರ್ ಇದ್ದಷ್ಟು ಇದ್ದಾಳಾ?"

"ಇನ್ನೊಂದು ಸ್ವಲ್ಪ ಕಮ್ಮಿ" ಎಂದಳು ಅಕ್ಕ.

"ಮಲಕ್ಕೊಳ್ಳಿ ಸಾರ್."

ವಕೀಲರು ಆಚೀಚೆ ನೋಡಿದರು. ಗುಮಾಸ್ತರು ನಿಂತಿದ್ದರು, ಪೊಲೀಸಪ್ಪ ನಿಂತಿದ್ದ, ಸರ್ಕಾರಿ ವಕೀಲರು ಮೆಟ್ಟಿಲಿಳಿಯುತ್ತಿದ್ದವರು ನಿಂತರು. "ಇಲ್ಲಾ?" ಎಂದರು ವಕೀಲರು.

"ಮತ್ತೆ ನನ್ನ ಮನೇಲಾ? ಆ ಕರಿ ಕೋಟು ಬಿಚ್ಚಿ ಮೊದ್ಲು, ಉದ್ದದ್ದು. ಅದು ಬೇಕು. ಕೆಳಗೆ ಹಾಸೋಕೆ."

ಅವರು ಗೌನು ಬಿಚ್ಚಿ ಕೊಟ್ಟರು. ಅವಳು ಅದನ್ನು ಎರಡು ಮಡಿಕೆ ಮಾಡಿ ಬೆಂಚಿನ ಮೇಲೆ ಹರಡಿದಳು. ವಕೀಲರು ಚಪ್ಪಲಿ ಬಿಟ್ಟು, ಕನ್ನಡಕ ಜೇಬಿಗಿಟ್ಟು, ಅದರ ಮೇಲೆ ಅಂಗಾತ ಮಲಗಿದರು. ಮೇಲೆ ಸೂರು ಕಾಣಿಸಿತು. ಜೀವಮಾನವೆಲ್ಲ ಓಡಾಡಿದ ಮೊಗಸಾಲೆಗೆ ಇಂಥ ಸೂರಿದೆ ಎಂದು ಗೊತ್ತಿರಲಿಲ್ಲ. "ಬಿಗಿ ಹಿಡೀಬೇಡಿ ಸಾರ್, ಮೈ ಬಿಡಿ. ಲಕ್ವ ಹೊಡೆದೋರು ಬಿಗಿ ಹಿಡಿಯಲ್ಲ." ಅವರು ಮೈ ಬಿಟ್ಟರು. "ಈಗ ನೋಡು. ಮನುಷ್ಯನ್ನ ಮುಟ್ಟಬಾರದು, ಬಟ್ಟೆ ಹಿಡೀಬೇಕು. ಮೊಣಕಾಲು ಮಡಚು, ಈ ಕಡೆ ಹೊರಳಿಸು. ನೀನು ಆ ತುದಿ ಸುತ್ತಿ ಹಿಡ್ಕೋ. ಕೈಯಲ್ಲಿ ಎಳೀಬೇಡ, ಹಿಂದಕ್ಕೆ ವಾಲು, ನಿನ್ನ ತೂಕ ಹಾಕು. ಹಾಂ."

"ಹಿಂಗಾ ಅಕ್ಕ?"

"ಅಕ್ಕ ಗಿಕ್ಕ ಅನ್ಬೇಡ. ವಾಲು!"

ಇಸ್ತ್ರಿಯವಳು ವಾಲಿದಳು. ಬೆನ್ನ ಕೆಳಗಿನ ಗೌನು ಬಿಗಿಯಾಯಿತು, ವಕೀಲರ ಭಾರವೆಲ್ಲ ಒಂದು ಗಳಿಗೆ ಎಲ್ಲೂ ಇಲ್ಲವಾಯಿತು, ಮತ್ತು ಅವರು ತಮಗೇ ತಿಳಿಯದಂತೆ ಎದ್ದು ಕೂತಿದ್ದರು. ಅವಳ ಮುಖದಲ್ಲಿ ಬೆವರೊಡೆದಿತ್ತು, ಕಣ್ಣಗಲವಾಗಿತ್ತು. "ಬಂತು!" ಎಂದಳು.

"ಒಂದು ಸಲ ಬಂದ್ರೆ ಬಂತಾ? ಮನೇಲಿ ಒಬ್ಳೇ ಮಾಡ್ಬೇಕು. ಸಾರ್, ಮತ್ತೆ ಮಲಕ್ಕೊಳ್ಳಿ."

ವಕೀಲರು ಮತ್ತೆ ಮಲಗಿದರು.